ಧೂಳಿನ ತಪ್ಪು ವಿಭೂತಿಯ ತಲೆಗೆ

ಬಿಕಾನೇರ್ ಬಿಟ್ಟಾಗ ಮರಳುಗಾಳಿ ಬೀಸುತ್ತಿತ್ತು. ರೈಲಿನ ಕಿಟಕಿ ಮುಚ್ಚಿದ್ದರೂ ಬುತ್ತಿಯೊಳಗೆ ಧೂಳು ಸೇರಿ, ರೊಟ್ಟಿಯ ಮೊದಲ ತುತ್ತೇ ಹಲ್ಲಿಗೆ ಕರಕರ ಅಂದಿತು. ಹದಿನೆಂಟು ವರ್ಷ ಅಲ್ಲಿ ಬಾಳಿದವಳಿಗೆ ಅದೇನೂ ಹೊಸದಲ್ಲ. ಆದರೆ ಈ ಸಲ ನಾನು ಹೊರಟದ್ದೇ ಆ ಧೂಳಿನ ಕಾರಣಕ್ಕೆ. ಮೈಸೂರಿನಲ್ಲಿ ಮಹದೇವಣ್ಣನವರನ್ನು ಕಂಡು ಒಂದು ತಪ್ಪು ಒಪ್ಪಿಕೊಳ್ಳಬೇಕಿತ್ತು.

ಮದುವೆಗೆ ಮೊದಲು ನಾನು ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಗಾಳಿ ಅಳೆಯುವ ಕೋಣೆಯ ರಿಜಿಸ್ಟರ್ ಬರೆಯುತ್ತಿದ್ದೆ. ಯಂತ್ರಗಳ ಜವಾಬ್ದಾರಿ ಮಹದೇವಣ್ಣನವರದು. ಬೆಳಿಗ್ಗೆ ಬಂದವರೇ ಓಝೋನ್ ಅಳೆಯುವ ಯಂತ್ರಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಸುಳ್ಳು ಹೇಳಬೇಡವೆಂದು ಅದಕ್ಕೆ ಬುದ್ಧಿ ಹೇಳಿಯೇ ಸ್ವಿಚ್ ಒತ್ತುವರು. ನಾನು ಮುಸಿಮುಸಿ ನಗುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಎರಡು ದಿನ ಆಕಾಶವೆಲ್ಲ ಗೋಧಿಹಿಟ್ಟಿನ ಬಣ್ಣಕ್ಕೆ ತಿರುಗಿ, ಚಾಮುಂಡಿ ಬೆಟ್ಟವೇ ಕಾಣದಾಯಿತು. ಧೂಳಿನ ಪ್ರಮಾಣ ಏರಿತು, ಓಝೋನ್ ಮಾತ್ರ ಇಳಿದುಹೋಯಿತು. ಗಾಳಿ ಕೆಟ್ಟರೆ ಎಲ್ಲವೂ ಏರಬೇಕೆಂದು ನಂಬಿದ್ದ ಮಹಾ ಬುದ್ಧಿವಂತೆ ನಾನು! ಯಂತ್ರ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಲ್ಲಿ ಮಾಸಲು ಪುಡಿ ಕಂಡದ್ದೇ ತಡ, 'ವಿಭೂತಿ ಒಳಹೋಗಿ ಯಂತ್ರ ಕೆಟ್ಟಿದೆ' ಎಂದು ರಿಜಿಸ್ಟರಿನಲ್ಲಿ ಬರೆದುಬಿಟ್ಟೆ. ಮಹದೇವಣ್ಣನವರನ್ನು ಉಗ್ರಾಣಕ್ಕೆ ಹಾಕಿದರು. ಅವರು ಎದುರಾಡಲಿಲ್ಲ. ತಮ್ಮ ಕೈಯಿಂದಲೇ ತಪ್ಪಾಯಿತೆಂದು ಅವರೂ ನಂಬಿದರು.

ಬಿಕಾನೇರಿನಲ್ಲೂ ನನಗೆ ಅದೇ ಕೆಲಸ ಸಿಕ್ಕಿತು. ಅಲ್ಲಿ ಮರಳುಗಾಳಿ ಎದ್ದಾಗಲೆಲ್ಲ ಧೂಳು ಏರುವುದು, ಓಝೋನ್ ಇಳಿಯುವುದು ಕಂಡೆ. ಹೊಗೆಯ ಮೇಲೆ ಬಿಸಿಲು ಬಿದ್ದಾಗ ನೆಲದ ಹತ್ತಿರ ಓಝೋನ್ ಹುಟ್ಟುತ್ತದೆ. ಧೂಳು ಆ ಬಿಸಿಲನ್ನೇ ಮರೆಮಾಡುತ್ತದೆ. ಇದ್ದಬದ್ದ ಓಝೋನೂ ಧೂಳಿನ ಕಣಗಳಿಗೆ ತಾಗಿ ಕರಗಿಹೋಗುತ್ತದೆ. ಹಾಗೆಂದು ಗಾಳಿ ಒಳ್ಳೆಯದಾಯಿತೆಂದಲ್ಲ, ಆ ಧೂಳೆಲ್ಲ ಇಳಿಯುವುದು ನಮ್ಮ ಎದೆಗೇ. ಮೈಸೂರಿಗೆ ಅಂದು ಬಂದದ್ದೂ ಸಮುದ್ರದಾಚೆಯ ಮರಳುಗಾಡಿನ ಧೂಳೆಂದು ಬಿಕಾನೇರಿನ ಕಚೇರಿಯವರು ಹಳೆಯ ಉಪಗ್ರಹ ಚಿತ್ರ ತೆಗೆದು ತೋರಿಸಿದರು. ಆಮೇಲೂ ಎರಡು ವರ್ಷ ಮುಖ ತೋರಿಸಲು ನಾಚಿ ಸುಮ್ಮನಿದ್ದೆ.

ಮೂರನೆಯ ದಿನ ಬೆಂಗಳೂರಿನಲ್ಲಿ ರೈಲು ಬದಲಿಸಿ, ಬೆಳಿಗ್ಗೆ ಹತ್ತು ಗಂಟೆಗೆ ಮೈಸೂರಿನ ಅಶೋಕಪುರಂನಲ್ಲಿ ಇಳಿದೆ. ನಾನು ಹುಟ್ಟಿ ಬೆಳೆದ ಜಾಗ. ಹಿಂದಿನ ದಿನ ಮಳೆ ಹನಿದು ಧೂಳು ಕೂತಿತ್ತು, ಹೊಂಗೆ ಹೂವು ರಸ್ತೆಯ ಮೇಲೆಲ್ಲ ಉದುರಿತ್ತು. ಶಿಫ್ಟಿನ ಬಸ್ಸಿಗೆಂದು ಒದ್ದೆ ಜಡೆಯಲ್ಲೇ ಓಡುತ್ತಿದ್ದ ತಿರುವಿನಲ್ಲಿ ನಿಂತು, ಉದುರಿದ ಹೂವೊಂದನ್ನು ಹೆಕ್ಕಿಕೊಂಡೆ.

ಹೆಬ್ಬಾಳದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತವೆಂದು ಜಂಬದಿಂದ ಆಧಾರ್ ಕಾರ್ಡ್ ನೀಡಿದೆ. ಕಂಡಕ್ಟರ್ ತಿರುಗಿಸಿ ನೋಡಿದ.

"ಮಾತು ಮೈಸೂರಿಂದು, ಕಾರ್ಡು ರಾಜಸ್ಥಾನದ್ದು. ದುಡ್ಡು ಕೊಡ್ಬೇಕು ಕಣಮ್ಮ."

ಪಕ್ಕದಲ್ಲಿದ್ದ ಕಾರ್ಖಾನೆಯ ಹುಡುಗಿಯರು ನಕ್ಕರು. ನಾನೂ ನಕ್ಕೆ, ಆದರೆ ನನ್ನೂರಿನಲ್ಲೇ ಹೊರಗಿನವಳಾದೆನಲ್ಲ ಎಂದು ಒಳಗೊಳಗೇ ಚುರುಕ್ ಅಂದಿತು. ಕಾರ್ಖಾನೆಯಲ್ಲಿ ನಮ್ಮ ಕೋಣೆಯಿದ್ದ ಕಡೆ ನೀರಿನ ಟ್ಯಾಂಕು ನಿಂತಿತ್ತು. ಮಹದೇವಣ್ಣ ಈಗ ಲಷ್ಕರ್ ಮೊಹಲ್ಲಾದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾರೆಂದು ಗೇಟಿನ ವಾಚ್‌ಮನ್ ಹೇಳಿದ. ಮತ್ತೆ ಬಸ್ಸು ಹತ್ತಿದೆ.

ಎರಡು ಅಂಗಡಿಗಳ ನಡುವಿನ ಸಣ್ಣ ಮಳಿಗೆ. ಮಹದೇವಣ್ಣ ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕೂತಿದ್ದರು. ಹಣೆಗೆ ಟವೆಲ್ಲನ್ನು ಹುಬ್ಬಿನವರೆಗೂ ಬಿಗಿದಿದ್ದರು. ಗುರುತು ಹಿಡಿದವರೇ ಕಾಫಿ ತರಿಸಿ, ಮಕ್ಕಳೆಷ್ಟು, ಅಲ್ಲಿ ಅಕ್ಕಿ ಸಿಗುತ್ತದೆಯೇ ಎಂದು ಕೇಳಿದರು. ತಲೆನೋವೇ ಎಂದು ನಾನು ಕೇಳಿದ್ದಕ್ಕೆ ತಣ್ಣಗೆ ಹೇಳಿದರು:

"ಇಲ್ಲ ಕಣಮ್ಮ ರತ್ನಾ. ಬಗ್ಗಿ ಕೆಲ್ಸ ಮಾಡುವಾಗ ವಿಭೂತಿ ಉದುರಿ ಒಳಕ್ಕೆ ಬಿದ್ದೀತು. ಒಂದ್ಸಲ ಆಗಿದ್ದೇ ಸಾಕು."

ಹದಿನೆಂಟು ವರ್ಷ ಹೀಗೆ ಹಣೆ ಮುಚ್ಚಿಕೊಂಡೇ ದುಡಿದಿದ್ದಾರೆ ಈ ಮನುಷ್ಯ! ನನಗೆ ಅಳು ತಡೆಯಲಾಗಲಿಲ್ಲ. ಮರಳುಗಾಳಿ, ಬಿಸಿಲು, ಉಪಗ್ರಹದ ಚಿತ್ರ, ರಿಜಿಸ್ಟರಿನಲ್ಲಿ ನಾನು ಬರೆದ ಸಾಲು ಎಲ್ಲವನ್ನೂ ಹೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳಿಸಿಕೊಂಡರು.

"ಅಂಗಾದ್ರೆ ಅವತ್ತು ಮೆಷಿನ್ನು ನಿಜಾನೇ ಹೇಳಿತ್ತಾ?"

"ಹೂಂ ಅಣ್ಣ. ಸುಳ್ಳು ಹೇಳಿದ್ದು ನಾನು."

ಅವರು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಾಫಿ ಆರುತ್ತದೆ, ಕುಡಿ ಎಂದರಷ್ಟೆ.

ಸಂಜೆಯ ರೈಲಿಗೆ ಹೊರಟು ರಸ್ತೆಯ ತಿರುವಿನಲ್ಲಿ ಹೊರಳಿ ನೋಡಿದೆ. ಟವೆಲ್ಲು ಮೊಳೆಗೆ ನೇತಾಡುತ್ತಿತ್ತು. ಮಹದೇವಣ್ಣ ವಿಭೂತಿಯ ಹಣೆಯನ್ನು ಹಾಗೇ ಬಿಟ್ಟುಕೊಂಡು ಮಿಕ್ಸಿಯ ಮೇಲೆ ಬಗ್ಗಿದ್ದರು.