ಓಟಕ್ಕೆ ಮುಂಚೆ ಜಡೆ ಹೆಣೆಯುತ್ತಿದ್ದವರು

ಹುಣಸೂರಿನ ನಮ್ಮ ಹೈಸ್ಕೂಲಿನಲ್ಲಿ ಆಟ ಕಲಿಸುತ್ತಿದ್ದ ಮೇಡಂ, ಓಟಕ್ಕೆ ಮುಂಚೆ ನಮ್ಮ ಜಡೆಯನ್ನು ತಾವೇ ಬಿಚ್ಚಿ ಬಿಗಿಯಾಗಿ ಹೆಣೆಯುತ್ತಿದ್ದರು. ಹೆದರಿಕೆ ಎಂದವರಿಗೆಲ್ಲ ಅವರದು ಒಂದೇ ಮಾತು: “ಇರ್ಲಿ ಬುಡವ್ವ, ಅದೂ ನಿನ್ ಜೊತೇಲೇ ಓಡ್ಲಿ.”

ಜಿಲ್ಲಾ ಮಟ್ಟದ ಎಂಟುನೂರು ಮೀಟರ್ ಓಟದ ದಿನ ನಾನು ಮೈದಾನದ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. “ನಾನ್ ಓಡಲ್ಲ ಮೇಡಂ, ನಂಗೆ ಹೆದ್ರಿಕೆ” ಎಂದು ಅತ್ತೆ. ಅವರು ಬೈಯಲಿಲ್ಲ. ಬಾಟಲಿ ನೀರಿನಲ್ಲಿ ನನ್ನ ಮುಖ ತೊಳೆಸಿ, ಪಕ್ಕದಲ್ಲಿ ನೆಲದ ಮೇಲೇ ಕುಳಿತರು. ನನ್ನ ಕಡೆ ನೋಡದೆ ಹೇಳಿದರು:

“ನಿನ್ ವಯಸ್ನಲ್ಲಿ ನಾನೂ ಇಂಗೇ ಎದ್ರಕಂಡು ಓಡ್ದಂಗೇ ಮನೆಗೋಗ್ಬುಟ್ಟೆ ಕಣವ್ವ. ಸೋತಿದ್ದೆಲ್ಲ ಮರ್ತೋಯ್ತು. ಆವತ್ತು ಓಡ್ದೇ ಇದ್ದಿದ್ದು ಮಾತ್ರ ಇವತ್ಗೂ ಮರ್ತಿಲ್ಲ.”

ನಾನು ಎದ್ದು ಶೂ ಲೇಸು ಕಟ್ಟಿಕೊಂಡೆ.

ಕೊನೆಯ ಸುತ್ತಿನಲ್ಲಿ ಮೇಡಂ ಸೀರೆಯ ನೆರಿಗೆ ಎತ್ತಿ ಹಿಡಿದು, ಕೂಗುತ್ತಾ ಟ್ರ್ಯಾಕಿನ ಹೊರಗೆ ಓಡಿ ಬರುತ್ತಿದ್ದರು. ನಾನು ನಾಲ್ಕನೆಯವಳಾಗಿ ಬಂದೆ. ಬೆವರಿಗೂ ಧೂಳಿಗೂ ಹೇಸದೆ ಅವರು ನನ್ನನ್ನು ಬಾಚಿ ಅಪ್ಪಿಕೊಂಡರು.

ಆ ಬೇಸಿಗೆಯಲ್ಲಿ ಅವರಿಗೆ ಎಚ್.ಡಿ. ಕೋಟೆ ಕಡೆಗೆ ವರ್ಗವಾಯಿತು. ಈಗ ನಾನು ಕಾಲೇಜಿನ ತಂಡದಲ್ಲಿ ಓಡುತ್ತೇನೆ, ಪದಕಗಳೂ ಬಂದಿವೆ. ಸೋತ ದಿನ ಅವರು ಅಪ್ಪಿಕೊಂಡ ಹಾಗೆ, ಗೆದ್ದ ದಿನ ಯಾರೂ ಅಪ್ಪಿಕೊಂಡಿಲ್ಲ.