ಹೆಂಡರ್ಸನ್ನಿನಲ್ಲಿ ತಲೆ ಎತ್ತಿದ್ದು

ಹೆಂಡರ್ಸನ್ನಿನ ಮೈದಾನದಲ್ಲಿ ಮಕ್ಕಳ ಬೇಸ್‌ಬಾಲ್ ನಡೆದಿತ್ತು. ಈ ಪರದೇಶದ ಊರಿನಲ್ಲಿ ನರ್ಸ್ ಆಗಿರುವ ನನ್ನ ಅಕ್ಕ ಶೋಭಾಳ ಮಗಳೂ ಆಡುತ್ತಿದ್ದಳು. ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವರು ಮಕ್ಕಳಿಗೆ ಆಟ ಕಲಿಸುವ ರೂಬಿ ಆಂಟಿ, ಅಮೆರಿಕದಿಂದ ಬಂದು ನೆಲೆಸಿದ ಕಪ್ಪು ಮಹಿಳೆ. ಅವರ ಅಪ್ಪ ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ. ಅಮೆರಿಕದಲ್ಲಿ ಕಪ್ಪು ಜನರನ್ನು ಬಿಳಿಯರ ತಂಡಕ್ಕೆ ಸೇರಿಸದಿದ್ದ ಕಾಲ ಅದು.

"ಹೋಟೆಲಿನಲ್ಲಿ ರೂಮು ಕೊಡುತ್ತಿರಲಿಲ್ಲ. ಬಸ್ಸಿನಲ್ಲೇ ಮಲಗಿ, ಎದ್ದು ಆಡುತ್ತಿದ್ದರು. ದೊಡ್ಡ ತಂಡಗಳ ಬಾಗಿಲು ತೆರೆಯುವ ಹೊತ್ತಿಗೆ ಅಪ್ಪನ ಭುಜ ಸವೆದುಹೋಗಿತ್ತು. ಉಳಿದಿದ್ದು ಇದೊಂದೇ."

ಆಂಟಿ ಬಲಗೈಯ ಎರಡು ಬೆರಳುಗಳಲ್ಲಿ ಚೆಂಡು ಹಿಡಿಯುವ ಅಪ್ಪನ ವರಸೆ ತೋರಿಸಿದರು. ಮಕ್ಕಳಿಗೆ ಅವರು ಕಲಿಸುವುದೂ ಅದನ್ನೇ.

"ಹೆಡ್ಸ್ ಅಪ್!" ಎಂದು ಯಾರೋ ಕೂಗಿದರು. ನಾನು ತಲೆ ಎತ್ತಿದೆ. ಚೆಂಡು ನೇರ ನನ್ನ ಮುಖಕ್ಕೇ ಬರುತ್ತಿತ್ತು. ಆಂಟಿ ಬಲಗೈ ಅಡ್ಡ ಒಡ್ಡಿದರು. ಮೂಳೆ ಮುರಿದ ಆ ಸದ್ದು ನನಗೆ ಈಗಲೂ ಕೇಳಿಸುತ್ತಿದೆ.

"ಇಂಗ್ಲಿಷ್ ಎಂ.ಎ. ಬೇರೆ! 'ಹೆಡ್ಸ್ ಅಪ್' ಅಂದ್ರೆ ತಲೆ ಎತ್ತು ಅಂತಲ್ಲ, ಹುಷಾರಾಗಿ ತಪ್ಪಿಸ್ಕೋ ಅಂತ ಕಣೋ!" ಓಡಿಬಂದ ಶೋಭಾ ಆಂಟಿಯ ಕೈಗೆ ಐಸ್ ಒತ್ತುತ್ತಲೇ ನನ್ನನ್ನು ಬೈದಳು. ಆಂಟಿಗೆ ಬೆರಳು ಆಡಿಸಲು ಹೇಳಿದಳು. ಚೆಂಡು ಹಿಡಿಯುವ ಆ ಎರಡೂ ಬೆರಳು ಮಿಸುಕಲಿಲ್ಲ.

ಆಂಟಿ ಚೆಂಡನ್ನು ಎಡಗೈಗೆ ತೆಗೆದುಕೊಂಡು ಅದೇ ಹಿಡಿತಕ್ಕೆ ಪ್ರಯತ್ನಿಸಿದರು. ಅದು ಜಾರಿ ಹುಲ್ಲಿಗೆ ಬಿತ್ತು.

"ಈ ಕೈಗೆ ಅಪ್ಪ ಕಲಿಸಲೇ ಇಲ್ಲ," ಎಂದು ನಕ್ಕರು.