ಸ್ಪೀಕರಿನೊಳಗಿನ ಮಗ್ಗ

ಐದು ಸ್ಟಾರ್‌ಗಳಲ್ಲಿ ಎಷ್ಟು ಕೊಡುತ್ತೀರಿ ಎಂದು ಸ್ಪೀಕರ್ ಕಂಪನಿಯವರು ನನ್ನ ಮೊಬೈಲಿಗೆ ದಿನವೂ ಮೆಸೇಜ್ ಕಳಿಸುತ್ತಿದ್ದರು. ನಾನು ಕೊಲ್ಹಾಪುರದ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದು ಓದಿದವಳು. ಪ್ರಶ್ನೆ ಕೇಳಿದವರಿಗೆ ಪೂರ್ಣ ವಾಕ್ಯದಲ್ಲಿ ಉತ್ತರ ಕೊಡಬೇಕು, ಇಂಟ್ರೊಡಕ್ಷನ್ ಇಲ್ಲದೆ ಪ್ರಬಂಧಕ್ಕೆ ಕೈ ಹಚ್ಚಬಾರದು ಎಂದು ಸಿಸ್ಟರ್‌ಗಳು ಕಲಿಸಿದ್ದು ಈ ವಯಸ್ಸಿನಲ್ಲೂ ಮೈಯಿಂದ ಹೋಗಿಲ್ಲ. ಬೆರಳಿನಿಂದ ನಾಲ್ಕು ಸ್ಟಾರ್ ಒತ್ತಿ ಎದ್ದುಹೋಗುವುದು ನನಗೆ ಬ್ಯಾಡ್ ಮ್ಯಾನರ್ಸ್ ಅನ್ನಿಸುತ್ತದೆ. ಆದ್ದರಿಂದ ಈ ರಿವ್ಯೂವಿನ ಕಥೆ ಸ್ವಲ್ಪ ಉದ್ದವಾಗಿದೆ.

ಸ್ಪೀಕರ್ ಬಂದದ್ದಕ್ಕಿಂತ ಮೊದಲು ಮಗ್ಗಗಳು ಹೋದದ್ದನ್ನು ಹೇಳಬೇಕು. ಇಚಲಕರಂಜಿಯ ನಮ್ಮ ಮನೆಯಲ್ಲಿ ಕೆಳಗೆ ಪವರ್‌ಲೂಮ್, ಮೇಲೆ ನಾವು. ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿಯ ಮಗಳಾದ ನಾನು ಮದುವೆಯಾಗಿ ಬಂದ ದಿನ, ನೆಲ ನಡುಗುವುದನ್ನು ಕಂಡು ಭೂಕಂಪವೆಂದು ಓಡಿ ಅಂಗಳಕ್ಕೆ ಬಂದಿದ್ದೆ. ಆಮೇಲೆ ರೂಢಿಯಾಯಿತು. ಶೋಕೇಸಿನ ಗ್ಲಾಸುಗಳು ಹಗಲಿಡೀ ಗಿಣಿಗಿಣಿ ಎನ್ನುತ್ತಿದ್ದವು. ನಾವು ಒಬ್ಬರ ತುಟಿ ಒಬ್ಬರು ನೋಡಿ ಮಾತು ತಿಳಿದುಕೊಳ್ಳುತ್ತಿದ್ದೆವು, ಉಳಿದದ್ದನ್ನು ಕಿರುಚುತ್ತಿದ್ದೆವು. ನಮ್ಮ ಯಜಮಾನರು ನನ್ನ ಮೇಲಿನ ಪ್ರೀತಿಯನ್ನು ಕೂಡ ಎದುರಿನ ಓಣಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ್ದು. ತವರಿಗೆ ಹೋದಾಗ ನನ್ನ ದನಿ ಕೇಳಿ, ಹುಡುಗಿ ಜಗಳಗಂಟಿ ಆಗಿದ್ದಾಳೆ ಎಂದು ಅವ್ವ ಅಳುತ್ತಿದ್ದಳು.

ಯಜಮಾನರ ಮೊಣಕಾಲೂ ಬಟ್ಟೆಯ ಮಾರ್ಕೆಟ್ಟೂ ಒಟ್ಟಿಗೇ ಕುಸಿದವು. ಮಗ್ಗಗಳನ್ನು ಮಾರಿದರು. ಟ್ರಕ್ಕು ಅವುಗಳನ್ನು ಹೇರಿಕೊಂಡು ಕಾಗಲದ ದಿಕ್ಕಿಗೆ ಹೋಯಿತು. ಆ ಸಂಜೆ ನಮ್ಮ ಮನೆಯ ಗೋಡೆ ಗಡಿಯಾರಕ್ಕೆ ಟಿಕ್ ಟಿಕ್ ಎನ್ನಲು ಬರುತ್ತದೆ ಎಂದು ನನಗೆ ಗೊತ್ತಾಯಿತು.

ನನಗೆ ಖುಷಿಯೇ ಆಗಿತ್ತು. ಕಾನ್ವೆಂಟಿನ ಪಾರ್ಲರಿನಲ್ಲಿ ಒಂದು ಪಿಯಾನೊ ಇತ್ತು. ನಮಗೆ ಅದರ ಧೂಳು ಒರೆಸಲು ಪರ್ಮಿಷನ್, ನುಡಿಸಲು ಇಲ್ಲ. ಮಧ್ಯಾಹ್ನ ಒಬ್ಬ ಮುದುಕಿ ಸಿಸ್ಟರ್ ವಾಲ್ಟ್ಜ್ ನುಡಿಸುತ್ತಿದ್ದರೆ ನಾವು ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದೆವು. ಮದುವೆಯಾದ ಮೇಲೆ ಅಂಥದ್ದನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ಈಗ ಕೇಳಬಹುದಲ್ಲ ಅಂದುಕೊಂಡೆ.

ಆದರೆ ಯಜಮಾನರ ನಿದ್ದೆ ಹೋಯಿತು. ಮಗ್ಗದವರಿಗೆ ಸದ್ದಿನಲ್ಲಿ ನಿದ್ದೆ ಬರುತ್ತದೆ, ಸದ್ದು ನಿಂತರೆ ಎಚ್ಚರವಾಗುತ್ತದೆ. ಸದ್ದು ನಿಂತಿತೆಂದರೆ ಕರೆಂಟ್ ಹೋಗಿದೆ, ಇಲ್ಲವೇ ಏನೋ ಮುರಿದಿದೆ. ಇವರು ಕಣ್ಣು ಮುಚ್ಚಿದ ಕೂಡಲೇ ಸದ್ದಿಲ್ಲದ್ದು ಕೇಳಿ ದಡಕ್ಕನೆ ಏಳುತ್ತಿದ್ದರು.

"ಲೈಟ್ ಹೋಗೇತಿ!"

"ಫ್ಯಾನ್ ತಿರಗಾಕತ್ತೇತ್ರಿ, ಮ್ಯಾಲ ನೋಡ್ರಿ."

"ಮತ್ತ ಯಾಕ ಬಂದ್ ಬಿದ್ದಾವು?"

"ಮಾರೀರಿ."

"ಹೌದಲ್ಲಾ," ಎನ್ನುವರು. ಆದರೂ ಮೊಣಕಾಲು ಹಿಡಿದುಕೊಂಡು ಕೆಳಗಿಳಿದು, ಖಾಲಿ ನೆಲ ನೋಡಿಯೇ ಬರುವರು. ಮಧ್ಯಾಹ್ನವೂ ಇದೇ, ರಾತ್ರಿಯೂ ಇದೇ. ಮುಖ ಇಳಿಯಿತು, ಕೈ ನಡುಗತೊಡಗಿತು, ಚಹಾಕ್ಕೆ ಉಪ್ಪು ಹಾಕಿ ಕುಡಿದು ಚಲೋ ಆಗೇತಿ ಎಂದರು. ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ತೆಗೆದುಕೊಂಡು ಅರೆನಿದ್ದೆಯಲ್ಲೇ ಕೆಳಗಿಳಿಯಲು ಶುರು ಮಾಡಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಮೆಟ್ಟಿಲ ಮೇಲೆ ಬಿದ್ದರೆ ಈ ವಯಸ್ಸಿನಲ್ಲಿ ಎದ್ದಾರೇ?

ಸ್ಪೀಕರ್ ಬಂದದ್ದು ಆಗ. ಕೊಲ್ಹಾಪುರದಲ್ಲಿರುವ ನನ್ನ ತಂಗಿಯ ಮಗಳು ಕಳಿಸಿದಳು. "ಮಾಂವಶಿ, ಭಾರಿ ವಿಂಟೇಜ್ ಲುಕ್ ಐತಿ, ನಿಮ್ಮ ವಾಲ್ಟ್ಜ್ ಕೇಳ್ರಿ," ಎಂದು ಫೋನಿನಲ್ಲಿ ಹೇಳಿದಳು. ನೋಡಲು ಗಡಹಿಂಗ್ಲಜದ ಅಂಗಡಿಯಲ್ಲಿ ಅಪ್ಪ ಇಟ್ಟಿದ್ದ ರೇಡಿಯೋದ ಮರಿ. ಮರದ ಮೈ, ಮುಂದೆ ಬಟ್ಟೆಯ ಜಾಳಿ, ಬಂಗಾರದ ಬಣ್ಣದ ಗುಂಡಿ, ಮೇಲೆ ಚರ್ಮದ ಹಿಡಿಕೆ. ಸ್ಟೇಷನ್ ತೋರಿಸುವ ಮುಳ್ಳೂ ಇತ್ತು. ಆದರೆ ಅದು ಬಣ್ಣದಿಂದ ಬರೆದ ಮುಳ್ಳು, ಅಲ್ಲಾಡುವುದಿಲ್ಲ. ಯಜಮಾನರು ಗುಂಡಿ ತಿರುಗಿಸಿ ತಿರುಗಿಸಿ ಕನ್ನಡ ವಾರ್ತೆ ಹುಡುಕಿದರು. ಒಳಗಿನಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ, "ರೆಡಿ ಟು ಪೇರ್," ಎಂದಳು.

"ಏನಂತಾಳ ಈ ಬಾಯಿ?"

"ಜೋಡಿ ಆಗಾಕ ತಯಾರ ಅದೀನಿ ಅಂತಾಳ್ರಿ."

"ಈ ವಯಸ್ಸಿನಾಗ ಬ್ಯಾಡ ಅಂತ ಹೇಳು."

ಆಮೇಲೆ ಅವರು ಕನ್ನಡಕ ಹಾಕಿಕೊಂಡು ಮುಂದಿನ ಬಟ್ಟೆಯನ್ನು ಪರೀಕ್ಷೆ ಮಾಡಿದರು. ಉಗುರಿನಿಂದ ಎಳೆ ಸರಿಸಿದರು, ಬೆಳಕಿಗೆ ಹಿಡಿದರು, ಮೂಸಿಯೂ ನೋಡಿದರು. "ಬಟ್ಟಿ ಸೆಕೆಂಡ್ಸ್ ಐತಿ. ಅಡ್ಡ ಎಳಿ ಹೊಡ್ತ ಕಮ್ಮಿ ಬಿದ್ದಾವು. ಇಂಥಾ ಮಾಲು ನಮ್ಮಲ್ಲೆ ನೇಯ್ದಿದ್ರ ಆ ನೇಕಾರನ್ನ ಮನಿಗೆ ಕಳಿಸ್ತಿದ್ದೆ." ಸೌಂಡ್ ಹೇಗಿದೆ ಎಂಬುದು ಅವರ ತಲೆಗೆ ಬರಲೇ ಇಲ್ಲ.

ನಾನು ವಾಲ್ಟ್ಜ್ ಹಚ್ಚಿದೆ. ಎಷ್ಟು ಕ್ಲಿಯರ್! ಸಿಸ್ಟರ್ ಪಕ್ಕದ ಕೋಣೆಯಲ್ಲೇ ಕುಳಿತ ಹಾಗೆ. ಈ ಸಾರಿ ನಡುವೆ ಗೋಡೆಯಿಲ್ಲ. ಯಜಮಾನರು ಕುರ್ಚಿಯ ತುದಿಯಲ್ಲಿ ಕುಳಿತು ಕಿವಿ ಕೊಟ್ಟರು. ಒಂದೊಂದು ಸ್ವರದ ನಡುವೆ ಬರುವ ಮೌನಕ್ಕೆ ಮೈ ಬಿಗಿಹಿಡಿಯುತ್ತಿದ್ದರು. "ನಡನಡಕ ನಿಂದರತೈತಲ್ಲ," ಎಂದರು. ವಾಲ್ಟ್ಜ್ ಮುಗಿಯುವಷ್ಟರಲ್ಲಿ ಅವರ ಮುಖದ ಮೇಲೆ ಬೆವರು.

ಈ ಡಬ್ಬಿಯೊಳಗೆ ಮಗ್ಗವನ್ನೇ ಹಾಕಿದರೆ ಹೇಗೆ ಎಂಬ ಐಡಿಯಾ ಬಂದದ್ದು ನನಗೆ. ಅಪ್ಪಟ ಕಾನ್ವೆಂಟ್ ಬುದ್ಧಿ ಎಂದು ಆಗ ಹೆಮ್ಮೆಪಟ್ಟಿದ್ದೆ.

ಪಕ್ಕದ ಮನೆಯವರ ಮಗ್ಗಗಳು ಇನ್ನೂ ನಡೆಯುತ್ತವೆ. ನಡುವೆ ದಪ್ಪ ಗೋಡೆ ಮತ್ತು ಒಂದು ಸಂದಿ ಇರುವುದರಿಂದ ಆ ಸದ್ದು ನಮ್ಮ ಮಲಗುವ ಕೋಣೆಗೆ ತಲುಪುವುದಿಲ್ಲ. ಮೊಬೈಲ್ ಹಿಡಿದುಕೊಂಡು ಅವರ ಶೆಡ್ಡಿಗೆ ಹೋದೆ. ಮನೆಯಾಕೆ ನನ್ನ ಕೈಯಲ್ಲಿ ಮೊಬೈಲ್ ನೋಡಿ, ರೀಲ್ಸ್ ಮಾಡುತ್ತಿದ್ದೇನೆಂದು ತಿಳಿದು, ಒಳಗೆ ಓಡಿ ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ಬರೀ ಆವಾಜ್ ಬೇಕು ಎಂದೆ. ಅವಳ ಮುಖ ಸಪ್ಪಗಾಯಿತು. ಆದರೂ ಕರ್ಟಸಿ ಬಿಡದೆ, ರೆಕಾರ್ಡಿಂಗ್ ನಡೆದಿರುವಾಗಲೇ ದನಿ ಎತ್ತಿ, "ಅಕ್ಕಾರ, ಚಾ ಕುಡದ ಹೋಗ್ರೀ!" ಎಂದು ಕೂಗಿದಳು. ಅದೂ ದಾಖಲಾಯಿತು.

ತಂಗಿಯ ಮಗಳು ಫೋನಿನಲ್ಲೇ ಹೇಳಿಕೊಟ್ಟಂತೆ ಅದನ್ನು ರಿಪೀಟ್ ಮೋಡಿನಲ್ಲಿ ಹಾಕಿ, ಸ್ಪೀಕರನ್ನು ಮಂಚದ ಕೆಳಗೆ ಇಟ್ಟೆ. ಖಟಾ ಖಟ್, ಖಟಾ ಖಟ್. ಬೇಸ್ ನಿಜವಾಗಿಯೂ ಎಕ್ಸಲೆಂಟ್. ಮಂಚದ ಕಾಲು ಅದುರಿತು, ಗ್ಲಾಸುಗಳು ಮತ್ತೆ ಹಾಡಿದವು. ಯಜಮಾನರು ಗೋಡೆ ಕಡೆ ಹೊರಳಿ, ಕೂಸಿನಂತೆ ಮಲಗಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಸ್ವಲ್ಪ ಹೊತ್ತಾಗಿ ಮಂಚದ ಕೆಳಗಿನಿಂದ, "ಅಕ್ಕಾರ, ಚಾ ಕುಡದ ಹೋಗ್ರೀ!" ಎಂದು ಬಂತು. ನಿದ್ದೆಯಲ್ಲೇ ಇವರು, "ಬ್ಯಾಡವಾ, ಈಗ ಆತು," ಎಂದರು. ರೆಕಾರ್ಡಿಂಗ್ ತಿರುಗಿ ಬಂದಾಗಲೆಲ್ಲ ಅವಳು ಕರೆದಳು, ಇವರು ಬೇಡವೆಂದರು.

ಮೂರನೆಯ ಮಧ್ಯಾಹ್ನ ಇವರು ಮಂಚದ ಮೇಲೆ ಎದ್ದು ಕುಳಿತಿದ್ದರು. ಕಣ್ಣು ಕೆಂಪಗಿತ್ತು.

"ಇದರಾಗ ಒಂದ್ ಮಗ್ಗದ್ದು ಪಟ್ಟಿ ಸಡ್ಲ ಆಗೇತಿ. ಕೇಳು. ಖಟಾ ಖಟ್, ಖಟಾ ಖಟ್, ಖಟಾ... ಖಡ್. ಕೇಳ್ತಾ?"

ನನಗೆ ಏನೂ ಕೇಳಲಿಲ್ಲ. ಅವರಿಗೆ ಮಾತ್ರ ಇನ್ನು ಅದರ ಹೊರತು ಬೇರೇನೂ ಕೇಳುತ್ತಿರಲಿಲ್ಲ. ಸಡಿಲಾದ ಮಗ್ಗವನ್ನು ಹಾಗೇ ಬಿಟ್ಟು ಮಲಗುವುದು ಅವರ ಕೈಲಾಗುವುದಿಲ್ಲ. ಡಬ್ಬಿಯೊಳಗಿನ ಮಗ್ಗವನ್ನು ಬಿಗಿ ಮಾಡಲು ಬರುವುದಿಲ್ಲ. ಮೊದಲು ಮೌನ ಎಬ್ಬಿಸುತ್ತಿತ್ತು, ಈಗ ಆ ಒಂದು ಖಡ್. ಆ ರಾತ್ರಿ ಮತ್ತೆ ಮೆಟ್ಟಿಲ ಮೇಲೆ ಅವರ ಹೆಜ್ಜೆ.

ಮರುದಿನ ಬೆಳಿಗ್ಗೆ ಅವರು ಸ್ಪೀಕರನ್ನು ಹಿಡಿಕೆಯಿಂದ ಹಿಡಿದು, ಟಿಫಿನ್ ಡಬ್ಬಿಯಂತೆ ತೂಗಾಡಿಸುತ್ತ ಪಕ್ಕದ ಶೆಡ್ಡಿಗೆ ಹೊರಟರು. ಮೊಬೈಲ್ ಹಿಡಿದು ನಾನು ಹಿಂದೆ. ಪೋರ್ಟಬಲ್ ಎಂದು ಕಂಪನಿಯವರು ಬರೆದದ್ದು ನಿಜ. ನೆಗಡಿ ಬಂದವರೂ ಹೊರಬಹುದು.

ಪಕ್ಕದ ಮನೆಯ ಮಾಲಕ ಇವರಿಗಿಂತ ಚಿಕ್ಕವನು, ಆದರೆ ಹುಂಬ.

"ಕಾಕಾ, ನನ್ನ ಮಗ್ಗದಾಗ ಏನೂ ಸಡ್ಲ ಇಲ್ರೀ. ಮಾರಿ ಕುಂತೀರಿ, ಈಗ ಮಂದೀ ಮಗ್ಗದ ಚಿಂತಿ ಹತ್ತೇತಿ ನಿಮಗ!"

"ನಿಂದು ಅಲ್ಲೋ, ಇದರಾಗಿಂದು!" ಇವರು ಸ್ಪೀಕರ್ ಎತ್ತಿ ತೋರಿಸಿದರು. "ಇದರಾಗಿಂದೂ ನಿಂದ ಐತಿ! ಕೇಳು ಬೇಕಾರ!"

ನಾನು ಫುಲ್ ವಾಲ್ಯೂಮ್ ಇಟ್ಟೆ. ಮಗ್ಗಗಳ ಗದ್ದಲದಲ್ಲಿ ಮಗ್ಗದ ರೆಕಾರ್ಡಿಂಗ್ ಯಾರಿಗೆ ಕೇಳಬೇಕು? ಆತ ಕಿವಿಯ ಹತ್ತಿರ ಕೈ ಇಟ್ಟು ತಲೆ ಅಲ್ಲಾಡಿಸಿದ. ಕೊನೆಗೆ ಸಿಟ್ಟಿಗೆದ್ದು ಮೇನ್ ಸ್ವಿಚ್ಚಿಗೇ ಕೈ ಹಾಕಿದ. ಇಡೀ ಶೆಡ್ ನಿಂತಿತು. ನೇಕಾರರು, ನೂಲಿನ ಕಂಡಿಕೆ ಸುತ್ತುವ ಹೆಂಗಸರು, ಎಲ್ಲರೂ ಎದ್ದು ಬಂದು ಆ ಪುಟ್ಟ ಡಬ್ಬಿಯ ಸುತ್ತ ನಿಂತರು. ಮಗ್ಗ ಕೇಳಲು ಮಗ್ಗ ನಿಲ್ಲಿಸಿ ನಿಂತ ಜನ!

ಅಷ್ಟರಲ್ಲಿ ಓಣಿಯವರು ಓಡಿಬಂದರು. ನಮ್ಮ ಓಣಿಯಲ್ಲಿ ಕರೆಂಟ್ ಇದ್ದೂ ಮಗ್ಗ ನಿಂತಿತೆಂದರೆ ಮನೆಯಲ್ಲಿ ಯಾರೋ ಹೋದರೆಂದೇ ಅರ್ಥ. ಎದುರು ಮನೆಯ ಮರಾಠಿ ಮುದುಕಿ ಸೆರಗು ತಲೆಯ ಮೇಲೆಳೆದುಕೊಂಡು, "ಕೋಣ್ ಗೇಲಂ?" ಯಾರು ಹೋದರು, ಎಂದು ಅಳಲು ತಯಾರಾಗಿಯೇ ಬಂದಿದ್ದಳು. ಹೂವಿನ ಹಾರಕ್ಕೆ ಹೇಳಿ ಬರಲೇ ಎಂದು ಒಬ್ಬ ಚಪ್ಪಲಿ ಮೆಟ್ಟಿದ್ದ.

"ಯಾರೂ ಹೋಗಿಲ್ಲ, ಸುಮ್ಮ ನಿಂದರ್ರಿ!" ಇವರು ಗದರಿದರು. "ಕೇಳ್ರಿ!"

ಎಲ್ಲರೂ ಉಸಿರು ಹಿಡಿದರು. ಖಟಾ ಖಟ್, ಖಟಾ ಖಟ್. ನೇಕಾರರು ಕತ್ತು ಓರೆ ಮಾಡಿದರು. ಆಗ ಸ್ಪೀಕರಿನಿಂದ, "ಅಕ್ಕಾರ, ಚಾ ಕುಡದ ಹೋಗ್ರೀ!"

ಮನೆಯಾಕೆ ಬೆಚ್ಚಿಬಿದ್ದಳು. "ಅಯ್ಯ, ನಾ ಅದರಾಗೂ ಅದೀನೇನ್ರೀ?" ಎಂದು ಇಳಕಲ್ ಸೀರೆಯ ಗಾಯ ಮರೆತು ನಾಚಿಕೊಂಡಳು. ಅಳಲು ಬಂದ ಮುದುಕಿ, ತನಗೇ ಕರೆದರೆಂದು ತಿಳಿದು ಕಟ್ಟೆಯ ಮೇಲೆ ಕುಳಿತಳು. ಅಷ್ಟರೊಳಗೆ ಮಾಲಕನ ಮುಖ ಬದಲಾಗಿತ್ತು. ಅವನಿಗೂ ಕೇಳಿಸಿತ್ತು. ಖಟಾ... ಖಡ್.

"ಖಿಡಕಿ ಕಡೀದು," ಎಂದ ಮೆಲ್ಲಗೆ, ಕಿಟಕಿ ಪಕ್ಕದ ಮಗ್ಗದತ್ತ ನೋಡಿ.

"ಮತ್ತ!"

ಇವರು ಅಂಗಿಯ ತೋಳು ಮಡಚಿ, ನಡುಗುವ ಕೈಯಲ್ಲೇ ನಟ್ಟು ಬಿಗಿಯುವ ಪಾನಾ ಹಿಡಿದರು. ಪಟ್ಟಿ ಬಿಗಿ ಮಾಡುವಾಗ ಆ ನಡುಕ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಸ್ವಿಚ್ ಹಾಕಿದರು. ಶೆಡ್ ಗರ್ಜಿಸಿತು. ಓಣಿಯವರು ಚಹಾ ಕುಡಿದು ಮನೆಗೆ ಹೋದರು. ನಾನು ರಿಪೇರಿಯಾದ ಸದ್ದನ್ನು ಹೊಸದಾಗಿ ರೆಕಾರ್ಡ್ ಮಾಡಲು ಮೊಬೈಲ್ ಎತ್ತಿ, "ಏನ್ರೀ, ಈಗ ಬರಾಬರ್ ಐತೇನ್ರೀ?" ಎಂದು ಕೂಗಿ ತಿರುಗಿ ನೋಡಿದರೆ, ಅವರು ನೇಯ್ದ ಬಟ್ಟೆಯ ಗಂಟುಗಳ ಮೇಲೆ, ಪಾನಾ ಎದೆಯ ಮೇಲಿಟ್ಟುಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಲು ಹೋದ ಮಾಲಕನಿಗೆ ತುಟಿ ಅಲ್ಲಾಡಿಸಿ ಬೇಡವೆಂದೆ. ಅವನಿಗೆ ತಿಳಿಯಿತು.

ಅಂದಿನಿಂದ ಇವರು ಊಟ ಮಾಡಿ ಅಲ್ಲಿಗೆ ಹೋಗುತ್ತಾರೆ. "ಕಾಕಾ ಬಂದ್ರ ನನ್ನ ಮಗ್ಗ ಅಂಜಿ ನಡೀತಾವು," ಎನ್ನುತ್ತಾನೆ ಆ ಹುಂಬ. ಅಲ್ಲಿ ಒಂದಿಷ್ಟು ಬೈದು, ಒಂದಿಷ್ಟು ಮಲಗಿ, ಹುಬ್ಬಿನ ಮೇಲೆ ಹತ್ತಿಯ ಧೂಳು ಹೊತ್ತು ಸಂಜೆ ಮರಳುತ್ತಾರೆ. ರಾತ್ರಿ ಹೊಸ ರೆಕಾರ್ಡಿಂಗ್ ಮಂಚದ ಕೆಳಗೆ. ಅದರಲ್ಲಿ ಈಗ ನನ್ನ ದನಿಯೇ ಇದೆ. ನಿದ್ದೆಯಲ್ಲಿ ಅವರು, "ಬರಾಬರ್ ಐತಿ, ಬರಾಬರ್ ಐತಿ," ಎಂದು ನನಗೆ ಉತ್ತರ ಕೊಡುತ್ತಾರೆ. ಮಧ್ಯಾಹ್ನ ಸ್ಪೀಕರ್ ನನ್ನದು. ವಾಲ್ಟ್ಜ್ ಹಚ್ಚಿ ಕಿಟಕಿಯ ಹತ್ತಿರ ಕೂರುತ್ತೇನೆ. ಗ್ಲಾಸುಗಳು ಸುಮ್ಮನಿರುತ್ತವೆ. ಒಮ್ಮೊಮ್ಮೆ ಎದ್ದುಹೋಗಿ ಅವನ್ನು ಬೆರಳಿನಿಂದ ಮುಟ್ಟುತ್ತೇನೆ.

ರಿವ್ಯೂ ಕಳಿಸುವ ಮೊದಲು ಅವರನ್ನು ಕೇಳಿದೆ. "ಬಟ್ಟಿಗೆ ಒಂದು ಸ್ಟಾರ್ ಕಡಿ," ಎಂದರು. ಆಮೇಲೆ ಎದ್ದು ಬಂದು, ವಾಲ್ಟ್ಜ್ ನಡೆಯುತ್ತಿದ್ದಂತೆ ಜಾಳಿಯ ಮೇಲೆ ಅಂಗೈ ಇಟ್ಟು, ಮಗ್ಗದ ಮೈ ಮುಟ್ಟಿ ನೋಡುವ ಹಾಗೆ ಸ್ವಲ್ಪ ಹೊತ್ತು ನಿಂತರು. "ಆದ್ರ ಇದರಾಗ ಏನೂ ಸಡ್ಲ ಇಲ್ಲ. ಹಂಗ ಬರಿ." ನಾಲ್ಕು ಸ್ಟಾರ್ ಒತ್ತಿ ಹಾಗೆಯೇ ಬರೆದೆ, ಇಂಗ್ಲಿಷಿನಲ್ಲಿ, ಪೂರ್ಣ ವಾಕ್ಯದಲ್ಲಿ.

ಪ್ರಾಡಕ್ಟ್ ಬಳಕೆಯಲ್ಲಿರುವ ಒಂದು ಫೋಟೋ ಕಳಿಸಿ ಎಂದು ಕಂಪನಿಯವರು ಮತ್ತೆ ಕೇಳಿದರು. ಪಕ್ಕದ ಶೆಡ್ಡಿನಲ್ಲಿ ಬಟ್ಟೆಯ ಗಂಟುಗಳ ಮೇಲೆ ಬಾಯಿ ತೆರೆದು ಮಲಗಿದ ಯಜಮಾನರ ಫೋಟೋ ಕಳಿಸಿದೆ. ಇದರಲ್ಲಿ ಸ್ಪೀಕರ್ ಕಾಣುತ್ತಿಲ್ಲ ಎಂದು ಅವರು ಅದನ್ನು ಹಾಕಲಿಲ್ಲ.